ಉಪ್ಪುನೀರಿನ ಜಾಡು ಹಿಡಿದು: ನೆಲದಡಿಯ ಹರಿವನ್ನು ಅಳೆದ ನನ್ನ ಅನುಭವ

ಚಿತ್ರದುರ್ಗ ತಾಲ್ಲೂಕಿನ ಅಡಿಕೆ ತೋಟವೊಂದರ ಇಂಗುಗುಂಡಿಗೆ ಇಳಿದ ಮಳೆನೀರು ಕೆಳಗಿನ ಕೊಳವೆಬಾವಿಯತ್ತ ಹೋಗುತ್ತದೆಯೇ, ಹೋದರೆ ಎಷ್ಟು ವೇಗದಲ್ಲಿ ಎಂಬುದನ್ನು ತಿಳಿಯಲು ನಾನು ವಿದ್ಯುತ್ ಚಿತ್ರಣವನ್ನು, ಅಂದರೆ ನೆಲಕ್ಕೆ ಕರೆಂಟ್ ಹಾಯಿಸಿ ಒಳಗಿನ ಚಿತ್ರ ಪಡೆಯುವ ವಿಧಾನವನ್ನು ಬಳಸಿದೆ. ಐದು ಮೀಟರಿಗೆ ಒಂದರಂತೆ 48 ಎಲೆಕ್ಟ್ರೋಡುಗಳನ್ನು (ಕರೆಂಟ್ ಹಾಯಿಸುವ ಲೋಹದ ಗೂಟಗಳನ್ನು) ನೆಟ್ಟರೆ 235 ಮೀಟರಿನ ಸಾಲಾಗುತ್ತದೆ. ಅದು ತನ್ನ ಉದ್ದದ ಸುಮಾರು ಐದನೇ ಒಂದು ಭಾಗದಷ್ಟು ಆಳವನ್ನು ಮಾತ್ರ ಕಾಣಿಸುವುದರಿಂದ, ಎಂಟುನೂರು ಅಡಿ ಬೋರಿನ ತಳದಲ್ಲಿ ಏನಿದೆ ಎಂದು ಕೇಳುವವರಿಗೆ ಇದರಲ್ಲಿ ಉತ್ತರವಿಲ್ಲ. ಒಣ ನೆಲಕ್ಕೆ ಕರೆಂಟ್ ಸಲೀಸಾಗಿ ಇಳಿಯುವುದಿಲ್ಲವೆಂದು ಎಲೆಕ್ಟ್ರೋಡಿನ ಬುಡಕ್ಕೆ ಉಪ್ಪುನೀರು ಹೊಯ್ಯುವುದು ವಾಡಿಕೆ. ಇಲ್ಲಿ ಗುಂಡಿಗೆ ಬಿಡುವ ಉಪ್ಪನ್ನೇ ಹಿಂಬಾಲಿಸಬೇಕಾಗಿದ್ದರಿಂದ, ಸಿಹಿನೀರಿನಲ್ಲಿ ಕಲಸಿದ ಜೇಡಿಮಣ್ಣನ್ನು ಮೆತ್ತಿದೆ.

ಒಂದೇ ಚಿತ್ರವನ್ನು ನೋಡಿ ನೀರನ್ನು ಗುರುತಿಸುವುದು ಈ ಸೀಮೆಯಲ್ಲಿ ಅಪಾಯದ ಕೆಲಸ. ನೀರು ತುಂಬಿದ ಶಿಥಿಲ ಶಿಲೆಯಂತೆಯೇ ಜೇಡಿಯೂ ಕಡಿಮೆ ರೋಧಶೀಲತೆ (ಕರೆಂಟಿಗೆ ಒಡ್ಡುವ ತಡೆ) ತೋರಿಸುತ್ತದೆ. ಇದೇ ತಾಲ್ಲೂಕಿನ ಇಂಗಳದಾಳಿನ ತಾಮ್ರದ ಅದಿರಿನಂಥ ಸಲ್ಫೈಡುಗಳೂ (ಗಂಧಕ ಕೂಡಿದ ಖನಿಜಗಳೂ) ಹಾಗೆಯೇ. ರಂಧ್ರಗಳ ಪ್ರಮಾಣವನ್ನು ರೋಧಶೀಲತೆಯಿಂದ ಲೆಕ್ಕ ಹಾಕಲು 1942ರಲ್ಲಿ ಅಮೆರಿಕದ ತೈಲ ಎಂಜಿನಿಯರ್ ಆರ್ಚಿ ಕೊಟ್ಟ ಸೂತ್ರವು ಜೇಡಿಯಿಲ್ಲದ ಮರಳುಗಲ್ಲಿಗೆ ಹೊಂದುವಷ್ಟು ನಮ್ಮ ನೆಲಕ್ಕೆ ಹೊಂದುವುದಿಲ್ಲ.

ಆದ್ದರಿಂದ ಮೊದಲು ಒಂದು ಅಳತೆ ತೆಗೆದು, ಅನಂತರ ಕರೆಂಟನ್ನು ಸಲೀಸಾಗಿ ಹಾಯಿಸುವಂತೆ ಅಡುಗೆ ಉಪ್ಪನ್ನು ಕರಗಿಸಿದ ನೀರನ್ನು ಗುಂಡಿಗೆ ಬಿಟ್ಟು, ಪರಸ್ಪರ ಅಡ್ಡಹಾಯುವ ಎರಡು ಸಾಲುಗಳಲ್ಲಿ ದಿನವೂ ಅಳೆಯುತ್ತ ಹೋದೆ. ದ್ರಾವಣ ತೆಳುವಾಗಿರಬೇಕು, ಇಲ್ಲವಾದರೆ ಉಪ್ಪು ತನ್ನ ಭಾರಕ್ಕೇ ತಳಕ್ಕಿಳಿದು ಹರಿವಿನ ದಿಕ್ಕನ್ನು ಮರೆಸುತ್ತದೆ. ಪ್ರತಿ ದಿನದ ಚಿತ್ರವನ್ನು ಮೊದಲ ದಿನದ್ದರಿಂದ ಭಾಗಿಸಿದಾಗ ಜೇಡಿಯೂ ಅದಿರೂ ಬಹುಮಟ್ಟಿಗೆ ಮರೆಯಾಗಿ, ಬದಲಾದ ಜಾಗ ಮಾತ್ರ ಉಳಿಯಿತು. ನೀರಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಅದರ ವಿದ್ಯುತ್ ವಾಹಕತೆ ಸುಮಾರು 2 ಶೇಕಡಾ ಹೆಚ್ಚುವುದರಿಂದ, ಮೇಲ್ಪದರಕ್ಕೆ ಆ ತಿದ್ದುಪಡಿಯನ್ನೂ ಮಾಡಿಕೊಂಡೆ.

ಉಪ್ಪು ಇಳಿಜಾರಿನ ಕೊಳವೆಬಾವಿಯತ್ತ ಹೋಗಲೇ ಇಲ್ಲ. ಹಾಳೆಹಾಳೆಯಾಗಿ ಸೀಳುವ ಶಿಸ್ಟ್ ಶಿಲೆಯ ಪದರುಗಳು ಚಾಚಿಕೊಂಡಿರುವ ಉತ್ತರ-ವಾಯವ್ಯ ದಿಕ್ಕಿನ ಜಾಡನ್ನೇ ಹಿಡಿಯಿತು. ಅದು ಸಾಗಿದ ವೇಗವನ್ನು ರಂಧ್ರಗಳ ಪ್ರಮಾಣದಿಂದ ಗುಣಿಸಿ, ಅದೇ ದಿಕ್ಕಿನ ಎರಡು ಬಾವಿಗಳ ನೀರಿನ ಮಟ್ಟದಿಂದ ಸಿಕ್ಕ ಇಳುಕಲಿನಿಂದ (ದೂರಕ್ಕೆ ತಕ್ಕ ಮಟ್ಟದ ಇಳಿತದಿಂದ) ಭಾಗಿಸಿದರೆ ಶಿಲೆಯ ಜಲವಾಹಕತೆ, ಅಂದರೆ ನೀರನ್ನು ಹಾಯಗೊಡುವ ಸಾಮರ್ಥ್ಯ, ದೊರೆಯುತ್ತದೆ. ರಂಧ್ರಗಳ ಪ್ರಮಾಣ ಅಂದಾಜಿನದಾದ್ದರಿಂದ ಜಲವಾಹಕತೆಯನ್ನು ಒಂದೇ ಅಂಕಿಯಾಗಿ ಕೊಡದೆ, ಕನಿಷ್ಠ–ಗರಿಷ್ಠಗಳ ನಡುವಿನ ವ್ಯಾಪ್ತಿಯಾಗಿ ಬರೆದುಕೊಟ್ಟೆ. ಗಣಕದ ಲೆಕ್ಕವು ಚಿತ್ರವನ್ನು ನಯಗೊಳಿಸುವುದರಿಂದ ಸುರಿದ ಉಪ್ಪಿಗಿಂತ ಕಡಿಮೆ ಉಪ್ಪು ಕಾಣುತ್ತದೆ. ಹೀಗಾಗಿ ಸಾಂದ್ರತೆಗಿಂತ ಉಪ್ಪು ತಲುಪಿದ ಕಾಲವನ್ನೇ ನಾನು ಹೆಚ್ಚು ನಂಬಿದೆ. "ಹಾಗಾದ್ರೆ ಗುಂಡಿ ಆ ಕಡೆ ತೆಗೀಬೇಕಿತ್ತು ಅನ್ನಿ ಸರ್" ಎಂದ ತೋಟದವರು, ಕೊಳವೆಬಾವಿಯಿರುವ ಪದರಿನ ಸಾಲಿನಲ್ಲೇ ಹೊಸ ಗುಂಡಿಗೆ ಜಾಗ ಗುರುತಿಸಿದರು.