ಸೈಕಲ್‌ನಲ್ಲಿ ಕೆಲಸಕ್ಕೆ: ಕಾರಿನವರ ಜೊತೆ ಜಗಳವಿಲ್ಲದೆ ಹೋಗಿ ಬರುವುದು ಹೇಗೆ

11 ವರ್ಷ ನಾನು ಸಾಮಾನು ತಲುಪಿಸುವ ವ್ಯಾನ್ ಓಡಿಸಿದ್ದೇನೆ. ಕಳೆದ 6 ವರ್ಷಗಳಿಂದ ಅದೇ ರಸ್ತೆಗಳಲ್ಲಿ ಸೈಕಲ್ ಹೊಡೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ. ಹೋಗಲು 8 ಕಿಲೋಮೀಟರ್, ಬರಲು 8. ವ್ಯಾನಿನಲ್ಲಿ ಕೂತು ಸೈಕಲ್‌ನವರನ್ನು ಬೈದುಕೊಂಡಿದ್ದೇನೆ. ಸೈಕಲ್ ಮೇಲೆ ಕೂತು ವ್ಯಾನಿನವರನ್ನೂ ಬೈದುಕೊಂಡಿದ್ದೇನೆ. ಎರಡೂ ಕಡೆ ಕೂತು ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು: ಈ ಜಗಳದ ಬೇರು ಹೆಚ್ಚಾಗಿ ಭಯ. ಮುಂದಿನ 3 ಸೆಕೆಂಡಿನಲ್ಲಿ ಎದುರಿನವರು ಏನು ಮಾಡುತ್ತಾರೆ ಅಂತ ಗೊತ್ತಾಗದಾಗ ಭಯವಾಗುತ್ತದೆ. ಆ ಭಯವೇ ಬಾಯಿಗೆ ಬಂದಾಗ ಬೈಗುಳ ಆಗುತ್ತದೆ.

ಸೈಕಲ್‌ನಲ್ಲಿ ಕೆಲಸಕ್ಕೆ ಹೋಗಬೇಕು ಅಂತ ಆಸೆ ಇದ್ದು, ಕಾರಿನವರ ಹೆದರಿಕೆಯಿಂದ ಹಿಂದೆ ಮುಂದೆ ನೋಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನಕ್ಕೂ ಮುಂಚೆ

ಕಾರಿನಲ್ಲಿ ಹೋಗುವ ದಾರಿಯನ್ನೇ ಸೈಕಲ್‌ಗೂ ಹಿಡಿಯಬೇಡಿ. ಕಾರಿಗೆ ದೊಡ್ಡ ರಸ್ತೆ ಬೇಗ ಅನ್ನಿಸುತ್ತದೆ. ಸೈಕಲ್‌ಗೆ ಒಳರಸ್ತೆಯೇ ವಾಸಿ. ನನ್ನ ಹಳೆಯ ವ್ಯಾನ್ ದಾರಿ 7 ಕಿಲೋಮೀಟರ್ ಇತ್ತು. ಈಗಿನದು ಒಂದು ಕಿಲೋಮೀಟರ್ ಜಾಸ್ತಿ, ಆದರೆ ವೇಗವಾಗಿ ಓಡುವ ಗಾಡಿಗಳ ಜೊತೆ ನಾನು ಕಳೆಯುವುದು 5 ನಿಮಿಷ ಮಾತ್ರ. ರಜೆಯ ದಿನ ಬೆಳಿಗ್ಗೆ ಒಂದು ಸಲ ಪೂರ್ತಿ ದಾರಿ ಹೋಗಿ ಬನ್ನಿ. ಗುಂಡಿ ಎಲ್ಲಿದೆ, ಏರು ಎಲ್ಲಿದೆ, ಯಾವ ತಿರುವಿನಲ್ಲಿ ಗಾಡಿಗಳು ಅಡ್ಡ ಬರುತ್ತವೆ ಅಂತ ನೋಡಿಟ್ಟುಕೊಳ್ಳಿ. ಗುಂಡಿ ಇರುವ ಜಾಗ ಮೊದಲೇ ಗೊತ್ತಿದ್ದರೆ ಅಲ್ಲಿ ತಟ್ಟನೆ ಪಕ್ಕಕ್ಕೆ ಎಳೆಯುವ ಪ್ರಸಂಗ ಬರುವುದಿಲ್ಲ. ವ್ಯಾನ್ ಓಡಿಸುವಾಗ ನನ್ನ ಎದೆ ಹಾರಿಸುತ್ತಿದ್ದದ್ದು ಸೈಕಲ್‌ನವರ ಆ ತಟ್ಟನೆಯ ಎಳೆತವೇ.

ಇನ್ನೊಂದು ಅಭ್ಯಾಸ ಖಾಲಿ ಮೈದಾನದಲ್ಲಿ ಮಾಡಿ: ಹಿಂದೆ ತಿರುಗಿ ನೋಡುತ್ತಲೇ ನೇರವಾಗಿ ಹೋಗುವುದು. ಹೊಸಬರು ಹಿಂದೆ ನೋಡಿದ ಕೂಡಲೇ ಹ್ಯಾಂಡಲ್ ಕೂಡ ಅದೇ ಕಡೆಗೆ ತಿರುಗುತ್ತದೆ. ಇದು ಸರಿ ಹೋಗುವವರೆಗೂ ದೊಡ್ಡ ರಸ್ತೆಗೆ ಇಳಿಯಬೇಡಿ. ಆಮೇಲೆ ಒಂದು ಕೈ ಬಿಟ್ಟು ಸನ್ನೆ ಮಾಡುವುದು, ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ನಿಲ್ಲಿಸುವುದು. ಒಂದು ಸಂಜೆ ಸಾಕು.

ಸೈಕಲ್ ಬಗ್ಗೆ ಹೇಳುವುದು ಕಡಿಮೆ. ಬ್ರೇಕ್ ಹಿಡಿಯಬೇಕು, ಟಯರ್‌ನಲ್ಲಿ ಗಾಳಿ ಗಟ್ಟಿ ಇರಬೇಕು, ಬೆಲ್ ಕೇಳಬೇಕು, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ. ಮುಂದಿನ ದೀಪವನ್ನು ಸ್ವಲ್ಪ ನೆಲದ ಕಡೆ ಬಗ್ಗಿಸಿ. ಎದುರು ಬರುವವರ ಕಣ್ಣಿಗೆ ಹೊಡೆಯುವ ದೀಪದಿಂದ ಯಾರಿಗೂ ಉಪಯೋಗವಿಲ್ಲ.

ಕಾರಿನವರಿಗೆ ನೀವು ಯಾಕೆ ಕಾಣುವುದಿಲ್ಲ

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಸಿಟ್ಟು ತಾನಾಗಿಯೇ ಇಳಿಯುತ್ತದೆ. ನನಗೆ ಇದು ಅರ್ಥವಾದ ದಿನ ನೆನಪಿದೆ.

ಸೈಕಲ್ ಶುರು ಮಾಡಿದ ಮೊದಲ ವರ್ಷ. ಅಡ್ಡರಸ್ತೆಯಿಂದ ಒಂದು ಕಾರು ನೇರವಾಗಿ ನನ್ನ ಮುಂದೆಯೇ ನುಗ್ಗಿತು. ಬ್ರೇಕ್ ಹಿಡಿದು ಹೇಗೋ ಉಳಿದೆ. ಮುಂದಿನ ಸಿಗ್ನಲ್‌ನಲ್ಲಿ ಅದನ್ನು ಹಿಡಿದು ಅಂಗೈಯಿಂದ ಕಿಟಕಿ ಗಾಜಿಗೆ ಜೋರಾಗಿ ಬಡಿದೆ. ಒಳಗೆ ವಯಸ್ಸಾದ ಹೆಂಗಸು. ಹಿಂದಿನ ಸೀಟಿನಲ್ಲಿದ್ದ ಮಗು ಬೆಚ್ಚಿ ಅಳಲು ಶುರು ಮಾಡಿತು. ಆಕೆ ಗಾಜು ಇಳಿಸಿ, ನಡುಗುವ ದನಿಯಲ್ಲಿ, "ಎರಡೂ ಕಡೆ ನೋಡಿದೆನಪ್ಪಾ, ನೀನು ಇರಲೇ ಇಲ್ಲ" ಅಂದರು. ಆಕೆ ಸುಳ್ಳು ಹೇಳುತ್ತಿರಲಿಲ್ಲ. ವ್ಯಾನ್ ಓಡಿಸಿದವನಾಗಿ ನನಗೆ ಅದು ಮೊದಲೇ ಹೊಳೆಯಬೇಕಿತ್ತು.

ಕಾರಿನ ಮುಂದಿನ ಗಾಜಿನ ಎರಡೂ ಅಂಚಿನಲ್ಲಿ ಚಾವಣಿಯನ್ನು ಹೊತ್ತ ಕಂಬ ಇರುತ್ತದೆ, ಅಲ್ವಾ? ಇಡೀ ಸೈಕಲ್ ಅದರ ಹಿಂದೆ ಮರೆಯಾಗಬಹುದು. ಕಾರು 30 ಕಿಲೋಮೀಟರ್ ವೇಗದಲ್ಲಿ, ನೀವು 15ರಲ್ಲಿ ಒಂದೇ ಕೂಡುರಸ್ತೆಗೆ ಬರುತ್ತಿದ್ದೀರಿ, ಇಬ್ಬರೂ ಒಂದೇ ಕ್ಷಣಕ್ಕೆ ಅಲ್ಲಿಗೆ ತಲುಪುವವರು ಅಂದುಕೊಳ್ಳಿ. ಆಗ ಕಾರಿನೊಳಗಿಂದ ನೋಡಿದರೆ ನೀವು ಇರುವ ದಿಕ್ಕು ಬದಲಾಗುವುದೇ ಇಲ್ಲ. ಮೊದಲು ಕಂಬದ ಹಿಂದೆ ಇದ್ದರೆ ಡಿಕ್ಕಿಯಾಗುವವರೆಗೂ ಕಂಬದ ಹಿಂದೆಯೇ. ಇದರ ಜೊತೆಗೆ ನಮ್ಮ ಕಣ್ಣಿನ ಗುಣವೂ ಸೇರುತ್ತದೆ. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಕ್ಕನೆ ಹೊರಳುವಾಗ, ನಡುವೆ ಇರುವುದನ್ನು ಮಿದುಳು ದಾಖಲಿಸಿಕೊಳ್ಳುವುದಿಲ್ಲ. ಬೇಗ ಬೇಗ ಎರಡೂ ಕಡೆ ನೋಡಿದವರು ನಿಜವಾಗಿಯೂ ನೋಡಿರುತ್ತಾರೆ, ಆದರೂ ನೀವು ಕಂಡಿರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಅಡ್ಡರಸ್ತೆಯಲ್ಲಿ ಗಾಡಿ ಬರುತ್ತಿದ್ದರೆ ನಿಮ್ಮ ವೇಗವನ್ನು ಸ್ವಲ್ಪ ಬದಲಿಸಿ. ಪೆಡಲ್ ನಿಲ್ಲಿಸಿ, ಇಲ್ಲವೇ ರಸ್ತೆಯ ಮಧ್ಯದ ಕಡೆಗೆ ಒಂದು ಮಾರು ಸರಿಯಿರಿ. ಆಗ ಕಂಬದ ಮರೆಯಿಂದ ಹೊರಗೆ ಬರುತ್ತೀರಿ. ಕೈ ಬ್ರೇಕ್ ಮೇಲೆ ಇರಲಿ. ಓಡಿಸುವವರ ಮುಖಕ್ಕಿಂತ ಕಾರಿನ ಮುಂದಿನ ಚಕ್ರವನ್ನು ನೋಡಿ. ಮುಖ ನಿಮ್ಮ ಕಡೆ ಇದ್ದರೂ ನೋಟ ನಿಮ್ಮನ್ನು ದಾಟಿ ಹೋಗಿರಬಹುದು. ಚಕ್ರ ಮಾತ್ರ ಕದಲಿದರೆ ಕದಲಿತು.

ಕತ್ತಲಲ್ಲಿ ಬೆನ್ನ ಮೇಲಿನ ಹೊಳೆಯುವ ಪಟ್ಟಿಗಿಂತ ಕಣಕಾಲಿನ ಮೇಲಿನದು ಜಾಸ್ತಿ ಕೆಲಸ ಮಾಡುತ್ತದೆ. ಮೇಲೆ ಕೆಳಗೆ ಆಡುವ ಎರಡು ಚುಕ್ಕೆ ಕಂಡರೆ ಯಾರೋ ಪೆಡಲ್ ತುಳಿಯುತ್ತಿದ್ದಾರೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಸುಮ್ನೆ ಒಂದೇ ಕಡೆ ಹೊಳೆಯುವುದು ಕಂಬವೋ ಮನುಷ್ಯನೋ ಅಂತ ತಿಳಿಯುವುದು ಹತ್ತಿರ ಬಂದ ಮೇಲೆಯೇ.

ರಸ್ತೆಯಲ್ಲಿ ಎಲ್ಲಿರಬೇಕು

ಅಂಚಿಗೆ ಅಂಟಿಕೊಂಡು ಹೋದರೆ ಕ್ಷೇಮ ಅಂತ ಎಲ್ಲ ಹೊಸಬರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಹೋಗುತ್ತಿದ್ದೆ. ಆದರೆ ತೀರಾ ಅಂಚಿನಲ್ಲಿದ್ದರೆ ಹಿಂದಿನವರಿಗೆ "ನುಸುಳಿ ಹೋಗಿ, ಜಾಗವಿದೆ" ಅಂತ ನಾವೇ ಹೇಳಿದ ಹಾಗಾಗುತ್ತದೆ. ಕಸ, ಗಾಜಿನ ಚೂರು, ಚರಂಡಿಯ ಜಾಲರಿ ಎಲ್ಲ ಇರುವುದೂ ಅಲ್ಲೇ. ಅದನ್ನು ತಪ್ಪಿಸಲು ಒಳಗೆ ಹೊರಗೆ ಹಾವಿನ ಹಾಗೆ ಹೋಗಬೇಕಾಗುತ್ತದೆ. ಅಂಚಿನಿಂದ ಮುಕ್ಕಾಲು ಮೀಟರ್‌ನಿಂದ ಒಂದು ಮೀಟರ್ ಬಿಟ್ಟು, ಗೆರೆ ಎಳೆದ ಹಾಗೆ ನೇರ ಹೋಗಿ.

ರಸ್ತೆ ಕಿರಿದಾದ ಕಡೆ, ಪಕ್ಕದಲ್ಲಿ ಕಾರು ಹಾದು ಹೋಗುವಷ್ಟು ಜಾಗವೇ ಇಲ್ಲದ ಕಡೆ, ಲೇನ್‌ನ ಮಧ್ಯಕ್ಕೆ ಬನ್ನಿ. ಬರುವ ಮುಂಚೆ ಹಿಂದೆ ತಿರುಗಿ ನೋಡಿ, ಕೈ ತೋರಿಸಿ, ಆಮೇಲೆ ಸರಿಯಿರಿ. ಕಿರಿದು ಮುಗಿದ ಕೂಡಲೇ ಮತ್ತೆ ಪಕ್ಕಕ್ಕೆ ಬಂದು ದಾರಿ ಬಿಡಿ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ 2022ರ ಜನವರಿಯಿಂದ ಇದನ್ನೇ ಬಿಡಿಸಿ ಹೇಳುತ್ತದೆ: ಕೂಡುರಸ್ತೆಯ ಹತ್ತಿರ, ರಸ್ತೆ ಕಿರಿದಾಗುವ ಕಡೆ ಸೈಕಲ್‌ನವರು ಲೇನ್‌ನ ಮಧ್ಯದಲ್ಲಿರಬಹುದು. ಜರ್ಮನಿಯಲ್ಲಿ 2020ರಿಂದ ಸೈಕಲನ್ನು ಓವರ್‌ಟೇಕ್ ಮಾಡುವವರು ಊರೊಳಗೆ 1.5 ಮೀಟರ್, ಊರ ಹೊರಗೆ 2 ಮೀಟರ್ ಅಂತರ ಬಿಡಲೇಬೇಕು. ನೀವಿರುವ ಕಡೆಯ ನಿಯಮ ಏನೆಂದು ಒಮ್ಮೆ ಓದಿಕೊಳ್ಳಿ. ಓದಿಕೊಂಡವರು ರಸ್ತೆಯಲ್ಲಿ ಅಳುಕದೆ ಹೋಗುತ್ತಾರೆ.

ಹಿಂದೆ ತಿರುಗಿ ನೋಡುವುದಕ್ಕೆ ಇನ್ನೊಂದು ಶಕ್ತಿ ಇದೆ. ವ್ಯಾನ್ ಓಡಿಸುವಾಗ ಮುಂದಿನ ಸೈಕಲ್‌ನವರು ತಿರುಗಿ ನನ್ನ ಕಡೆ ನೋಡಿದರೆ, ನನಗೇ ತಿಳಿಯದ ಹಾಗೆ ಕಾಲು ಬ್ರೇಕ್ ಕಡೆ ಹೋಗುತ್ತಿತ್ತು. ಅಲ್ಲಿಯವರೆಗೆ ಅದು ಒಂದು ಸೈಕಲ್. ತಿರುಗಿದ ಮೇಲೆ ಅದಕ್ಕೊಂದು ಮುಖ ಬರುತ್ತಿತ್ತು.

ಸಿಗ್ನಲ್ ವಿಷಯದಲ್ಲಿ ನನ್ನದು ಕಟ್ಟುನಿಟ್ಟು: ಕೆಂಪು ಅಂದರೆ ಕೆಂಪು. ನಿಂತ ಸೈಕಲನ್ನು ಮತ್ತೆ ಎಬ್ಬಿಸುವುದು ಎಷ್ಟು ಶ್ರಮ ಅಂತ ನನಗೂ ಗೊತ್ತು, ಮಂಡಿಗೂ ಗೊತ್ತು. ಆದರೂ ನಿಲ್ಲುತ್ತೇನೆ. ಕೆಂಪಿನಲ್ಲಿ ನುಗ್ಗಿದ ಒಬ್ಬರ ಮೇಲಿನ ಸಿಟ್ಟನ್ನು ಕಾರಿನವರು ಮುಂದೆ ಸಿಗುವ ಇನ್ನೊಬ್ಬ ಸೈಕಲ್‌ನವರ ಮೇಲೆ ತೀರಿಸುತ್ತಾರೆ. ನಾನೇ ಹಾಗೆ ತೀರಿಸಿದ್ದೇನೆ.

ನಿಂತ ಕಾರಿನ ಬಾಗಿಲು

ನನಗೆ ಬಿದ್ದ ಒಂದೇ ದೊಡ್ಡ ಪೆಟ್ಟು ಓಡುವ ಗಾಡಿಯಿಂದಲ್ಲ. ನಿಂತಿದ್ದ ಕಾರಿನ ಬಾಗಿಲು ತೆರೆಯಿತು, ನಾನು ಅದರ ಮೇಲೆಯೇ ಹೋದೆ. ಕತ್ತಿನ ಬುಡದ ಕಾಲರ್‌ಬೋನ್ ಮುರಿದು 6 ವಾರ ಕೈ ಜೋಳಿಗೆಯಲ್ಲಿತ್ತು. ಕಾರಿನ ಬಾಗಿಲು ಪೂರ್ತಿ ತೆರೆದರೆ ಸುಮಾರು ಒಂದು ಮೀಟರ್ ಹೊರಗೆ ಬರುತ್ತದೆ. ನಿಂತ ಕಾರುಗಳ ಸಾಲಿನಿಂದ ಅದಕ್ಕಿಂತ ಜಾಸ್ತಿ ದೂರ ಇರಿ. ಹಿಂದಿನಿಂದ ಯಾರು ಎಷ್ಟೇ ಹಾರ್ನ್ ಹೊಡೆದರೂ ಈ ಒಂದು ಮೀಟರನ್ನು ಬಿಟ್ಟುಕೊಡಬೇಡಿ. ಹಾರ್ನ್ ಕಿವಿಗೆ ನೋವು ಮಾಡುತ್ತದೆ ಅಷ್ಟೇ.

ಕಾರಿನಿಂದ ಇಳಿಯುವವರಿಗೆ ನೆದರ್‌ಲ್ಯಾಂಡ್ಸ್‌ನ ಒಂದು ಅಭ್ಯಾಸ ಹೇಳಿಕೊಡುತ್ತೇನೆ. ಬಾಗಿಲಿನ ಪಕ್ಕದ ಕೈಯಿಂದ ಬಾಗಿಲು ತೆರೆಯಬೇಡಿ, ಆಚೆ ಕೈಯಿಂದ ತೆರೆಯಿರಿ. ಆ ಕೈ ಚಾಚಿದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಕನ್ನಡಿಗೂ ಹಿಂದಿನ ರಸ್ತೆಗೂ ಹೋಗುತ್ತದೆ. ನನ್ನ ಮನೆಯಲ್ಲಿ ಎಲ್ಲರಿಗೂ ಇದು ರೂಢಿಯಾಗಿದೆ. ರೂಢಿಯಾಗಲು ಎರಡು ವಾರ ಹಿಡಿಯಿತು.

ಲಾರಿ ಮತ್ತು ಬಸ್ಸು

ಅಂಚಿನ ಕಡೆಗೆ ತಿರುಗುವ ಲಾರಿಯ ಪಕ್ಕದಲ್ಲಿ ಎಂದೂ ನುಗ್ಗಬೇಡಿ. ಉದ್ದದ ಗಾಡಿ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗಿನಿಂದ ಕೊಯ್ದುಕೊಂಡು ಬರುತ್ತವೆ. ಈಗ ಇರುವ ಜಾಗ ಎರಡು ಸೆಕೆಂಡಿನ ಮೇಲೆ ಇರುವುದಿಲ್ಲ. ಎತ್ತರದಲ್ಲಿ ಕೂತ ಡ್ರೈವರ್‌ಗೆ ತನ್ನ ಮೂತಿಯ ಮುಂದೆಯೂ ಪಕ್ಕದಲ್ಲೂ ಇರುವ ಸೈಕಲ್ ಕಾಣದೇ ಇರಬಹುದು. ಅವರ ಕನ್ನಡಿ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುವುದಿಲ್ಲ. ಹಿಂದೆಯೇ ನಿಲ್ಲಿ. ಸಿಗ್ನಲ್ ಇನ್ನೊಂದು ಸಲ ಬರುತ್ತದೆ.

ಬಸ್ಸಿನದು ಬೇರೆ ಕಥೆ. ಸ್ಟಾಪಿನಲ್ಲಿ ಬಸ್ಸು ನಿಲ್ಲುತ್ತದೆ, ನೀವು ಮುಂದೆ ಹೋಗುತ್ತೀರಿ. ಅದು ಹೊರಟು ನಿಮ್ಮನ್ನು ದಾಟುತ್ತದೆ, ಮುಂದಿನ ಸ್ಟಾಪಿನಲ್ಲಿ ಮತ್ತೆ ನಿಲ್ಲುತ್ತದೆ. ನನ್ನ ದಾರಿಯಲ್ಲಿ 7 ಗಂಟೆ 10 ನಿಮಿಷದ ಬಸ್ಸಿನ ಜೊತೆ ಹೀಗೆ ತಿಂಗಳುಗಟ್ಟಲೆ ನಡೆಯಿತು. ಒಂದೇ ಬೆಳಿಗ್ಗೆ 5 ಸಲ ಅವರು ನನ್ನನ್ನು ದಾಟಬೇಕಾಗುತ್ತಿತ್ತು. ಪ್ರತಿ ಸಲವೂ ಅಂತರ ಇನ್ನಷ್ಟು ಕಡಿಮೆ. ಒಂದು ದಿನ ನಾನು ಮುಂದೆ ಹೋಗದೆ ಬಸ್ಸಿನ ಹಿಂದೆ ಕಾಲೂರಿ ನಿಂತೆ. ಜನ ಹತ್ತಿ ಇಳಿಯಲು 20 ಸೆಕೆಂಡ್ ಆಯಿತು. ಬಸ್ಸು ಹೊರಟು ಹೋಯಿತು, ಮತ್ತೆ ಸಿಗಲಿಲ್ಲ. ಒಂದು ವಾರದ ನಂತರ ಆ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ಕೈ ಎತ್ತಿದರು. ಈಗ ಕಿರಿದಾದ ಸೇತುವೆಯ ಮೇಲೆ ನಾನಿದ್ದರೆ ಅವರು ಹಿಂದೆಯೇ ನಿಧಾನವಾಗಿ ಬರುತ್ತಾರೆ.

ಬೈಗುಳ ಬಂದಾಗ

ಬಂದೇ ಬರುತ್ತದೆ. ನಿಮ್ಮ ತಪ್ಪಿಲ್ಲದಿದ್ದರೂ ಬರುತ್ತದೆ.

ಸೈಕಲ್ ಮೇಲಿರುವವರಿಗೆ ಒಂದು ಕಾರು ಹತ್ತಿರ ಹಾದು ಹೋದರೆ ಅದು ಜೀವದ ಪ್ರಶ್ನೆ. ಗಾಜಿನ ಒಳಗೆ ಕೂತವರಿಗೆ ಅದು ಗೊತ್ತೂ ಆಗಿರುವುದಿಲ್ಲ. ಹಾಗಾಗಿ ನಿಮಗೆ ಬರುವ ಸಿಟ್ಟು ನ್ಯಾಯವಾದದ್ದೇ. ಆದರೆ ಅದನ್ನು ರಸ್ತೆಯ ಮಧ್ಯದಲ್ಲಿ ಖರ್ಚು ಮಾಡಬೇಡಿ. ಒಂದು ಟನ್‌ಗಿಂತ ಭಾರದ ಗಾಡಿ ಇರುವ ಸಿಟ್ಟಿನ ಮನುಷ್ಯನ ಮುಂದೆ ನೀವು ಬರಿಮೈಯಲ್ಲಿದ್ದೀರಿ. ನಾನು ಮಾಡುವುದು ಹೀಗೆ: ಪೆಡಲ್ ನಿಲ್ಲಿಸುತ್ತೇನೆ, ಅವರನ್ನು ಮುಂದೆ ಹೋಗಲು ಬಿಡುತ್ತೇನೆ, ಗಾಡಿಯ ನಂಬರನ್ನು ಎರಡು ಸಲ ಬಾಯಲ್ಲಿ ಹೇಳಿಕೊಳ್ಳುತ್ತೇನೆ. ಬೇಕೆಂದೇ ಮೇಲೆ ಬಂದಿದ್ದರೆ ಪಕ್ಕದಲ್ಲಿ ನಿಂತು ನಂಬರ್, ಜಾಗ, ಸಮಯ ಬರೆದುಕೊಂಡು ಪೊಲೀಸರಿಗೆ ದೂರು ಕೊಡುತ್ತೇನೆ. ಹಾಗಲ್ಲದಿದ್ದರೆ ಮುಂದಿನ ತಿರುವಿನ ಹೊತ್ತಿಗೆ ನಂಬರ್ ಮರೆತು ಹೋಗಿರುತ್ತದೆ.

"ನೀವು ರಸ್ತೆಗೆ ತೆರಿಗೆ ಕಟ್ಟುತ್ತೀರಾ?" ಅಂತ ಕೆಲವರು ಕೇಳುತ್ತಾರೆ. ಸಿಗ್ನಲ್‌ನಲ್ಲಿ ಉತ್ತರ ಕೊಡಬೇಡಿ, ಸ್ನೇಹಿತರು ಕೇಳಿದರೆ ಕೊಡಿ. ರಸ್ತೆ ಸವೆಯುವುದು ಚಕ್ರದ ಅಚ್ಚಿನ ಮೇಲಿನ ಭಾರದಿಂದ. ಆ ಭಾರ ಎರಡರಷ್ಟಾದರೆ ಸವೆತ ಸುಮಾರು 16 ಪಟ್ಟಾಗುತ್ತದೆ ಎನ್ನುವುದು ರಸ್ತೆ ಎಂಜಿನಿಯರುಗಳ ಹಳೆಯ ಲೆಕ್ಕ. ಸೈಕಲ್ ಆ ಲೆಕ್ಕದೊಳಗೆ ಬರುವುದೇ ಇಲ್ಲ. ಇನ್ನು ಒಳ್ಳೆಯ ಸೈಕಲ್ ದಾರಿಗಳು ನೆದರ್‌ಲ್ಯಾಂಡ್ಸ್‌ಗೂ ಹುಟ್ಟಿನಿಂದ ಬಂದದ್ದಲ್ಲ. 1971ರಲ್ಲಿ ಅಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತರು. ಅಪ್ಪ ಅಮ್ಮಂದಿರು "ಮಕ್ಕಳ ಕೊಲೆ ನಿಲ್ಲಿಸಿ" ಎಂದು ಬೀದಿಗೆ ಇಳಿದರು. ಅಲ್ಲಿನ ರಸ್ತೆಗಳು ಬದಲಾಗತೊಡಗಿದ್ದು ಆಮೇಲೆ. ಈ ವಿಷಯ ಮಾತಾಡುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ತಪ್ಪು ನಿಮ್ಮದಾಗಿದ್ದರೆ ಕೈ ಎತ್ತಿ. ದಾರಿ ಬಿಟ್ಟವರಿಗೂ ಕೈ ಎತ್ತಿ. ಎರಡಕ್ಕೂ ಒಂದೇ ಸನ್ನೆ, ಅಂಗೈ ತೆರೆದು.

ನೀವೇ ಸ್ಟಿಯರಿಂಗ್ ಹಿಡಿದಿರುವಾಗ

ಈಗಲೂ ವಾರಕ್ಕೊಮ್ಮೆ ನಾನು ಕಾರು ಓಡಿಸುತ್ತೇನೆ. 50 ಕಿಲೋಮೀಟರ್ ವೇಗದಲ್ಲಿ ಕಾರು ಪ್ರತಿ ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಅಂದರೆ ಅಪಾಯ ಕಂಡು ಕಾಲು ಬ್ರೇಕ್ ಮುಟ್ಟುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. 30ರಲ್ಲಿ ಅದು 8 ಮೀಟರ್. ಸೈಕಲ್‌ನ ಹಿಂದೆ ನೀವು ಬಂದಾಗ ವೇಗವನ್ನು ಅಲ್ಲಿಗೆ ಇಳಿಸಿ. ಸೈಕಲ್‌ನವರು ಗುಂಡಿ ತಪ್ಪಿಸಬಹುದು, ಗಾಳಿಗೆ ಓಲಾಡಬಹುದು. ಹಿಂದಿನಿಂದ ಹಾರ್ನ್ ಹೊಡೆದರೆ ಬೆಚ್ಚಿ ನಿಮ್ಮ ಕಡೆಗೇ ಬರಬಹುದು. ಪೂರ್ತಿ ಪಕ್ಕದ ಲೇನ್‌ಗೆ ಹೋಗಿ ದಾಟಲು ಆಗುವವರೆಗೆ ಕಾಯಿರಿ.

ಹೀಗೆ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಅಂತ ಒಂದು ತಿಂಗಳು ಎಣಿಸಿದೆ. ಒಂದೇ ಒಂದು ಸಲ ಅರ್ಧ ನಿಮಿಷ ದಾಟಿತು. ಉಳಿದ ದಿನಗಳಲ್ಲಿ 10 ಸೆಕೆಂಡ್, 15 ಸೆಕೆಂಡ್. ನಾನು ದಾಟಿ ಬಂದ ಸೈಕಲ್‌ನವರು ಹೆಚ್ಚಿನ ಸಲ ಮುಂದಿನ ಕೆಂಪು ದೀಪದಲ್ಲಿ ನನ್ನ ಪಕ್ಕಕ್ಕೇ ಬಂದು ನಿಲ್ಲುತ್ತಿದ್ದರು.