ಬ್ಯಾಗಿಗಿಂತ ಮೊದಲು ಕೈ ತಯಾರಾಗಲಿ

ಮೇ ತಿಂಗಳು ಅರ್ಧ ಕಳೆಯಿತೆಂದರೆ ಸ್ಟೇಷನರಿ ಅಂಗಡಿಗಳ ಮುಂದೆ ಜಾತ್ರೆ. ಗೊಂಬೆ ಚಿತ್ರದ ಬ್ಯಾಗು, ಗುಂಡಿ ಒತ್ತಿದರೆ ತೆರೆದುಕೊಳ್ಳುವ ಪೆನ್ಸಿಲ್ ಬಾಕ್ಸು, ಎರಡು ಮಹಡಿಯ ಟಿಫಿನ್ ಡಬ್ಬಿ. ಕೊಳ್ಳಲಿ ಬಿಡಿ, ಮಕ್ಕಳಿಗೂ ಹುರುಪು. ಆದರೆ ಒಂದನೇ ಕ್ಲಾಸಿಗೆ ಹೊರಟ ಮಗುವಿನ ಅಪ್ಪ ಅಮ್ಮ ಬಂದು "ಅಜ್ಜಿ, ಇನ್ನೇನೇನು ತರಬೇಕು?" ಅಂತ ಕೇಳಿದರೆ ನಾನು ತಿರುಗಿ ಕೇಳೋದೇ ಬೇರೆ. ಆ ಡಬ್ಬಿ ಮುಚ್ಚಳ ಅವನೇ ತೆಗೀತಾನಾ? ಚಡ್ಡಿ ಗುಂಡಿ ಅವನೇ ಹಾಕ್ಕೋತಾನಾ? ಬಲಗಾಲಿನ ಶೂ ಯಾವುದು ಅಂತ ಗೊತ್ತಾಗುತ್ತಾ? ಮೂವತ್ತು ಮಕ್ಕಳನ್ನು ನೋಡಿಕೊಳ್ಳುವ ಟೀಚರ್ ಒಬ್ಬೊಬ್ಬರ ಡಬ್ಬಿ ತೆಗೆದುಕೊಡುತ್ತಾ ಕೂತರೆ ಊಟದ ಹೊತ್ತೇ ಮುಗಿದುಹೋಗುತ್ತದೆ. ಅಷ್ಟು ಮಕ್ಕಳ ನಡುವೆ ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲ ಮಗುವಿಗೆ ಅರ್ಧ ಅಳು ತಾನಾಗಿಯೇ ಕಡಿಮೆ. ಅ ಆ ಇ ಈ ಶಾಲೆಯಲ್ಲಿ ಕಲಿಸುತ್ತಾರೆ. ಗುಂಡಿ ಹಾಕೋದನ್ನು ಮನೆಯಲ್ಲೇ ಕಲಿತು ಹೋಗಬೇಕು.

ನಮ್ಮ ಮನೆ ಶಾಲೆಯ ಎದುರಿಗೇ ಇದೆ. ಮಕ್ಕಳು, ಮೊಮ್ಮಕ್ಕಳು ಸಾಲದು ಅಂತ ಊರ ಮಕ್ಕಳ ಜೂನ್ ತಿಂಗಳೂ ನಮ್ಮ ಜಗಲಿಯ ಮುಂದೆಯೇ ನಡೆಯುತ್ತದೆ. ಆ ಸಲಿಗೆಯಿಂದ ಹೇಳುತ್ತಿದ್ದೇನೆ.

ಮೊದಲು ನಿದ್ದೆಯ ಲೆಕ್ಕ ಸರಿಮಾಡಿ. ಏಪ್ರಿಲ್ ಎರಡನೇ ವಾರದಿಂದ ರಜೆ, ಅಜ್ಜನ ಮನೆ, ಮದುವೆ ಮನೆ ಅಂತ ಸುತ್ತಿ ಮಕ್ಕಳು ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಒಂಬತ್ತಕ್ಕೆ ಏಳೋದು ಅಭ್ಯಾಸವಾಗಿರುತ್ತದೆ. ಶಾಲೆ ಶುರುವಾಗುವ ಹಿಂದಿನ ರಾತ್ರಿ ಬೈದು ಮಲಗಿಸಿದರೆ ನಿದ್ದೆ ಬರುವುದಿಲ್ಲ. ಎರಡು ವಾರ ಮುಂಚೆಯೇ, ದಿನಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ಎಳೆಯುತ್ತಾ ಬನ್ನಿ. ಮಲಗುವ ಹೊತ್ತಿಗಿಂತ ಮೊದಲು ಏಳುವ ಹೊತ್ತನ್ನು ಹಿಡಿಯಿರಿ. ಬೇಗ ಎದ್ದ ಮಗು ರಾತ್ರಿ ತಾನಾಗೇ ತೂಕಡಿಸುತ್ತದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ಏಳೂವರೆಗೆ ವ್ಯಾನು ಬರುವುದಾದರೆ ಆರಕ್ಕೆ ಏಳಬೇಕು, ಅಂದರೆ ರಾತ್ರಿ ಎಂಟೂವರೆಗೆ ದೀಪ ಆರಬೇಕು. ದೊಡ್ಡವರ ಧಾರಾವಾಹಿಯೂ ಆಗಲೇ ಆರಬೇಕು. ಇದು ನನ್ನಂಥ ಅಜ್ಜಿಯರಿಗೂ ಸೇರಿಸಿಯೇ ಹೇಳಿದ ಮಾತು.

ಇನ್ನು ಯಾರೂ ಬಾಯಿಬಿಟ್ಟು ಹೇಳದ ವಿಷಯ, ಪಾಯಿಖಾನೆ. ನನ್ನ ಪ್ರಕಾರ ಶಾಲೆಗೆ ತಯಾರಿ ಅಂದರೆ ಅರ್ಧ ಇದೇ. ಮನೆಯಲ್ಲಿ ಕಮೋಡ್ ಮೇಲೆ ಕೂತು ಬೆಳೆದ ಮಗು ಶಾಲೆಯಲ್ಲಿ ನೆಲಮಟ್ಟದ ಕಕ್ಕಸು ನೋಡಿ ಹೆದರುತ್ತದೆ. ಕುಕ್ಕರಗಾಲಲ್ಲಿ ಕೂರಲು ಬರುವುದಿಲ್ಲ, ಕಾಲು ಎಲ್ಲಿಡಬೇಕು ಗೊತ್ತಿಲ್ಲ, ಬಿದ್ದುಬಿಟ್ಟರೆ ಅನ್ನುವ ಭಯ. ಹಾಗಾಗಿ ಸಂಜೆಯವರೆಗೂ ತಡೆದುಕೊಂಡು ಬರುತ್ತದೆ. ತಡೆದುಕೊಳ್ಳಬೇಕಲ್ಲ ಅಂತ ನೀರು ಕುಡಿಯುವುದನ್ನೇ ಬಿಡುತ್ತದೆ. ಹದಿನೈದು ದಿನಕ್ಕೆ ಮಲಬದ್ಧತೆ, ಉರಿಮೂತ್ರ, ಹೊಟ್ಟೆನೋವು. ಆಮೇಲೆ "ಶಾಲೆಗೆ ಹೋಗೋಕೆ ನೆವ ಹೇಳ್ತಾನೆ" ಅಂತ ಬೈಗುಳ ಬೇರೆ. ರಜೆಯಲ್ಲೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂರಿಸಿ ಆಟ ಆಡಿಸಿ, ನೆಂಟರ ಮನೆಯಲ್ಲಿ ಹಳೇ ಕಾಲದ ಕಕ್ಕಸು ಇದ್ದರೆ ಅಲ್ಲಿ ಕರೆದುಕೊಂಡು ಹೋಗಿ ಅಭ್ಯಾಸ ಮಾಡಿಸಿ. ಮಗ್ಗಿನಿಂದ ನೀರು ಹಾಕಿಕೊಂಡು ತೊಳೆದುಕೊಳ್ಳುವುದು, ನೀರು ಸುರಿದು ಬರುವುದು, ಸೋಪು ಹಚ್ಚಿ ಕೈ ತೊಳೆಯುವುದು, ಇಷ್ಟನ್ನೂ ಅದೇ ಮಾಡಬೇಕು. ಮನೆಯಲ್ಲಿ ಮುದ್ದಿಗೆ ಏನು ಹೇಳುತ್ತೀರೋ ಹೇಳಿ, ಶಾಲೆಯಲ್ಲಿ "ಮಿಸ್, ಒಂದಕ್ಕೆ ಹೋಗಬೇಕು" ಅಂತ ಕೈಯೆತ್ತಿ ಗಟ್ಟಿಯಾಗಿ ಕೇಳುವುದನ್ನು ರೂಢಿಸಿ. ಮೊದಲ ಎರಡು ತಿಂಗಳು ಚಡ್ಡಿಗೆ ಗುಂಡಿ, ಜಿಪ್ಪು, ಬೆಲ್ಟಿನ ಗೋಜು ಬೇಡ. ಸೊಂಟಕ್ಕೆ ಎಲಾಸ್ಟಿಕ್ ಹಾಕಿಸಿಬಿಡಿ. ಬೆಳಿಗ್ಗೆ ತಿಂಡಿಯನ್ನು ಹೊರಡುವ ಗಡಿಬಿಡಿಯಲ್ಲಿ ತುರುಕದೆ ಇಪ್ಪತ್ತು ನಿಮಿಷ ಮುಂಚೆ ಕೊಡಿ. ಹೊಟ್ಟೆಗೆ ಬಿದ್ದ ಮೇಲೆ ಕರುಳು ಕದಲುತ್ತದೆ, ಆಗ ಕೂರಿಸಿದರೆ ಕೆಲಸ ಮನೆಯಲ್ಲೇ ಮುಗಿಯುತ್ತದೆ.

ಊಟದ ವಿಷಯಕ್ಕೆ ಬರೋಣ. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟವಿದೆ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದದ್ದು. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲೂ ಸೇರಿತು, ಒಂದು ಮಗುವಿಗೆ 150 ಮಿಲಿ. ಮೊಟ್ಟೆ ಇದೆ, ತಿನ್ನದವರಿಗೆ ಬಾಳೆಹಣ್ಣು ಇದೆ. ಹಾಲು ಕೊಡುತ್ತಾರಲ್ಲ ಅಂತ ಬರೀ ಹೊಟ್ಟೆಯಲ್ಲಿ ಮಾತ್ರ ಕಳಿಸಬೇಡಿ. ಹನ್ನೊಂದು ಗಂಟೆಗೆ ಬಾಡಿದ ಮುಖ ಹೊತ್ತು ಗೋಡೆಗೊರಗುವ ಮಕ್ಕಳು ಯಾರು ಅಂತ ಯಾವ ಟೀಚರನ್ನು ಕೇಳಿದರೂ ಹೇಳುತ್ತಾರೆ. ಮನೆಯಲ್ಲಿ ಮೊಬೈಲ್ ತೋರಿಸುತ್ತಾ ತುತ್ತು ಕೊಟ್ಟು ಬೆಳೆಸಿದ ಮಗುವನ್ನು ರಜೆಯಲ್ಲೇ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂರಿಸಿ, ಸಾರು ಸುರಿದ ತಟ್ಟೆ ಮುಂದಿಟ್ಟು ಏಳಿ. ಚೆಲ್ಲಲಿ. ನೆಲ ಒರೆಸಿದರಾಯಿತು. ತರಕಾರಿ ಎತ್ತಿ ಬದಿಗಿಡುವ ಚಾಳಿ ಪಂಕ್ತಿಯಲ್ಲಿ ಬೇಗ ಬಿಡುತ್ತದೆ, ಅದನ್ನು ಪಕ್ಕದಲ್ಲಿ ಕೂತ ಮಕ್ಕಳೇ ಬಿಡಿಸುತ್ತಾರೆ.

ಡಬ್ಬಿ ಕಟ್ಟುವವರಾದರೆ ಹೊಸ ಡಬ್ಬಿಯಲ್ಲೇ ಒಂದು ವಾರ ಮಧ್ಯಾಹ್ನದ ಊಟ ಮಾಡಿಸಿ, ಜಗಲಿಯಲ್ಲಿ, ಇಪ್ಪತ್ತು ನಿಮಿಷದೊಳಗೆ. ಮುಚ್ಚಳ ಬಿಗಿಯಿದ್ದರೆ ಆಗಲೇ ತಿಳಿಯುತ್ತದೆ. ಬೆಳಿಗ್ಗೆ ಕಟ್ಟಿ ಮಧ್ಯಾಹ್ನ ತಿನ್ನುವುದಕ್ಕೆ ಎಲ್ಲ ತಿಂಡಿಯೂ ಆಗಿಬರುವುದಿಲ್ಲ. ದೋಸೆ ಚರ್ಮದಂತಾಗುತ್ತದೆ, ಉಪ್ಪಿಟ್ಟು ಗಟ್ಟಿ ಉಂಡೆಯಾಗಿ ಗಂಟಲಿಗಿಳಿಯುವುದಿಲ್ಲ. ಚಿತ್ರಾನ್ನ, ಪುಳಿಯೋಗರೆ ಕೆಡುವುದಿಲ್ಲ, ಒಗ್ಗರಣೆಯ ಕಡಲೆಬೇಳೆ ಮಾತ್ರ ಕಡಿಮೆ ಹಾಕಿ, ಮಧ್ಯಾಹ್ನಕ್ಕೆ ಮಕ್ಕಳ ಹಲ್ಲಿಗೆ ಕಲ್ಲು. ಇಡ್ಲಿಗೆ ಚಟ್ನಿ ಬೇರೆ ಡಬ್ಬಿಯಲ್ಲಿ ಬೇಡ, ತುಪ್ಪದಲ್ಲಿ ಕಲಸಿದ ಚಟ್ನಿಪುಡಿಯನ್ನು ಇಡ್ಲಿ ಸೀಳಿ ಒಳಗೇ ಸವರಿಬಿಡಿ. ಚಪಾತಿಗೆ ಬೆಲ್ಲ ತುಪ್ಪ ಸವರಿ ಸುರುಳಿ ಸುತ್ತಿದರೆ ಒಂದೇ ಕೈಯಲ್ಲಿ ತಿನ್ನಬಹುದು. ಮೊಸರನ್ನ ಹುಳಿಯಾಗುತ್ತದೆ ಅನ್ನುವವರಿಗೆ ನನ್ನ ಅತ್ತೆ ಹೇಳಿಕೊಟ್ಟದ್ದು: ಅನ್ನವನ್ನು ಮೆತ್ತಗೆ ಹಿಸುಕಿ, ಉಗುರುಬೆಚ್ಚಗಿನ ಹಾಲು ಧಾರಾಳ ಹಾಕಿ, ಒಂದೇ ಚಮಚ ಮೊಸರು ಬೆರೆಸಿ ಕಟ್ಟಿ. ಊಟದ ಹೊತ್ತಿಗೆ ಡಬ್ಬಿಯಲ್ಲೇ ಹೆಪ್ಪಾಗಿ ಸಿಹಿಯಾದ ಮೊಸರನ್ನ. ಮೊದಲ ವಾರ ಹೊಸ ರುಚಿಯ ಪ್ರಯೋಗ ಯಾವುದೂ ಬೇಡ. ಶಾಲೆಯೇ ಹೊಸದಾಗಿರುವಾಗ ಡಬ್ಬಿಯೊಳಗಿನದಾದರೂ ಹಳೇ ಪರಿಚಯದ್ದಾಗಿರಲಿ.

ಈಗ ಬ್ಯಾಗು. ನಮ್ಮ ರಾಜ್ಯ ಸರ್ಕಾರ 2019ರಲ್ಲೇ ಆದೇಶ ಮಾಡಿದೆ: ಒಂದು, ಎರಡನೇ ತರಗತಿಗೆ ಒಂದೂವರೆಯಿಂದ 2 ಕಿಲೋ, ಮೂರರಿಂದ ಐದಕ್ಕೆ 2ರಿಂದ 3 ಕಿಲೋ, ಅಷ್ಟೇ ತೂಕ ಇರಬೇಕು. ಒಂದು, ಎರಡನೇ ತರಗತಿಗೆ ಹೋಮ್‌ವರ್ಕ್ ಕೊಡಬಾರದು ಅಂತಲೂ ಅದರಲ್ಲೇ ಇದೆ. ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ದಿನ, ಸಂಭ್ರಮ ಶನಿವಾರ. ಎಷ್ಟು ಶಾಲೆಗಳಲ್ಲಿ ನಡೆಯುತ್ತದೋ, ನೀವು ಕೇಳಿದರೆ ತಾನೇ ನಡೆಯೋದು. ಶಾಲೆಯನ್ನು ಕೇಳುವ ಮೊದಲು ಮನೆಯಲ್ಲೇ ಒಮ್ಮೆ ತೂಗಿ. ಒಂದು ಲೀಟರ್ ನೀರಿನ ಬಾಟಲಿಯೇ ಒಂದು ಕಿಲೋ! ಶಾಲೆಯಲ್ಲಿ ಒಳ್ಳೆಯ ನೀರಿದ್ದರೆ ಅರ್ಧ ಲೀಟರಿನದು ಸಾಕು, ಖಾಲಿಯಾದಾಗ ತುಂಬಿಕೊಳ್ಳಲು ಕಲಿಸಿ. ಸ್ಟ್ರಾ ಇರುವ ಬಾಟಲಿ ನನಗಂತೂ ಆಗಿಬರುವುದಿಲ್ಲ, ಕೊಳವೆಯೊಳಗೆ ಕಪ್ಪು ಕಟ್ಟಿದ್ದು ಹೊರಗೆ ಕಾಣುವುದೇ ಇಲ್ಲ. ಬಾಯಿ ಅಗಲವಿರುವ ಸ್ಟೀಲಿನದು ತನ್ನಿ. ವಾರಕ್ಕೊಮ್ಮೆ ಕಲ್ಲುಪ್ಪು, ನಿಂಬೆಹೋಳು, ಸ್ವಲ್ಪ ನೀರು ಹಾಕಿ ಗಡಗಡ ಅಲ್ಲಾಡಿಸಿ ತೊಳೆಯಿರಿ. ಬ್ಯಾಗು ಎರಡೂ ಹೆಗಲಿಗೆ ಹಾಕುವಂಥದ್ದು, ಸೊಂಟದಿಂದ ಕೆಳಗೆ ಜೋಲದಂಥದ್ದು ಇರಲಿ.

ಪುಸ್ತಕಕ್ಕೆ ಖಾಕಿ ಕಾಗದ ಹಾಕುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಲೇಬಲ್ಲು ಅದೇ ಅಂಟಿಸಲಿ, ಸೊಟ್ಟಗಾದರೂ ಸರಿ. ಹೆಸರು ಓದಲು ಬಾರದ ಮಗುವಾದರೆ ಹೆಸರಿನ ಪಕ್ಕ ಒಂದು ಮೀನೋ ಮಾವಿನಕಾಯಿಯೋ ಬರೆದುಕೊಡಿ, ಅದೇ ಗುರುತನ್ನು ಬಾಟಲಿ, ಡಬ್ಬಿ, ಕೊಡೆಗೂ ಹಾಕಿ.

ಸಮವಸ್ತ್ರ ಹೊಲಿಸುವಾಗ ಕೆಳಗೆ ಮೂರು ಬೆರಳು ಒಳಮಡಿಕೆ ಬಿಡಿಸುವುದು ಯಾವ ತಾಯಿಗೂ ಹೇಳಿಕೊಡಬೇಕಿಲ್ಲ. ಹೊಸ ಬಟ್ಟೆಯನ್ನು ಮೊದಲು ಬೇರೆಯಾಗಿಯೇ ಒಗೆಯಿರಿ, ನೀಲಿ ಚಡ್ಡಿ ಬಣ್ಣ ಬಿಟ್ಟು ಬಿಳಿ ಅಂಗಿಯನ್ನು ಹಾಳುಮಾಡುತ್ತದೆ. ಅಂಗಿಗೆ ಅರಿಶಿನದ ಸಾರು ಚೆಲ್ಲಿ, ಸೋಪು ಹಾಕಿದೊಡನೆ ಕೆಂಪಾದರೆ ಗಾಬರಿಯಾಗಬೇಡಿ. ಒಗೆದು ಬಿಸಿಲಿಗೆ ಹರವಿದರೆ ಹಳದಿ ತಾನಾಗಿ ಮಾಸುತ್ತದೆ. ನಮ್ಮ ಮಲೆನಾಡಿನಲ್ಲಿ ಜೂನ್ ತಿಂಗಳ ಬಿಸಿಲನ್ನು ನಂಬಿ ಕೂರುವಂತಿಲ್ಲ ಅನ್ನುವುದು ಬೇರೆ ಮಾತು. ಇಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿಯೇ ತಲೆಮಾರುಗಳ ಯೂನಿಫಾರ್ಮ್ ಒಣಗಿದೆ, ಹೊಗೆ ವಾಸನೆ ಇಡೀ ಕ್ಲಾಸಿಗೆ ಸಮಾನವಾಗಿರುತ್ತಿತ್ತು. ಶೂ ನೆನೆದರೆ ಬೆಂಕಿಯ ಹತ್ತಿರ ಇಡಬೇಡಿ, ಅಂಟು ಬಿಡುತ್ತದೆ. ಒಳಗೆ ಹಳೇ ಪೇಪರ್ ತುರುಕಿ, ಮಲಗುವ ಮುಂಚೆ ಒಮ್ಮೆ ಪೇಪರ್ ಬದಲಿಸಿ, ಫ್ಯಾನಿನ ಕೆಳಗಿಟ್ಟರೆ ಬೆಳಿಗ್ಗೆಗೆ ಹಾಕಿಕೊಳ್ಳುವಂತಾಗುತ್ತದೆ. ಕೊಳ್ಳುವಾಗ ಸಂಜೆ ಹೋಗಿ ಕೊಳ್ಳಿ, ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ಲೇಸು ಕಟ್ಟಲು ಬರುವವರೆಗೆ ಪಟ್ಟಿ ಅಂಟಿಸುವ ಶೂ ಸಾಕು.

ಶಾಲೆ ತೆರೆಯುವ ಮುಂಚೆ ತಲೆಯನ್ನೊಮ್ಮೆ ನೋಡಿ. ರಜೆಯಲ್ಲಿ ಹತ್ತು ಮಕ್ಕಳು ಒಂದೇ ಚಾಪೆಯಲ್ಲಿ ಮಲಗಿದ ಮೇಲೆ ಹೇನು ಬಾರದೆ ಇದ್ದರೇ ಆಶ್ಚರ್ಯ. ಎಣ್ಣೆ ಹಚ್ಚಿ ಸೀರುಹಣಿಗೆಯಲ್ಲಿ ಬಾಚಿ, ವಾರ ಹತ್ತು ದಿನ ಬಿಟ್ಟು ಮತ್ತೆ ಬಾಚಬೇಕು. ಉಳಿದ ಸೀರು ಅಷ್ಟರೊಳಗೆ ಮರಿಯಾಗಿರುತ್ತದೆ. ಸೀಮೆಎಣ್ಣೆ ಹಚ್ಚುವ ಹುಚ್ಚು ಯಾರಿಗೂ ಬೇಡ. ತಾಯಿ ಕಾರ್ಡ್ ತೆಗೆದು 5ರಿಂದ 6 ವರ್ಷದೊಳಗಿನ ಡಿಪಿಟಿ ಬೂಸ್ಟರ್ ಚುಚ್ಚುಮದ್ದು ಆಗಿದೆಯಾ ನೋಡಿ. ಒಂದು ಕಣ್ಣು ಮುಚ್ಚಿಸಿ ದೂರದ ಕ್ಯಾಲೆಂಡರಿನ ಅಂಕಿ ಹೇಳಿಸಿ, ಆಮೇಲೆ ಇನ್ನೊಂದು ಕಣ್ಣು. ಒಂದು ಕಣ್ಣು ಮಂಜಾಗಿದ್ದರೂ ಮಕ್ಕಳಿಗೆ ಗೊತ್ತಾಗುವುದಿಲ್ಲ, ಇನ್ನೊಂದು ಕಣ್ಣಲ್ಲೇ ಸುಧಾರಿಸಿಕೊಳ್ಳುತ್ತಾರೆ. ಅನುಮಾನ ಬಂದರೆ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಚಿಕ್ಕ ವಯಸ್ಸಲ್ಲಿ ಸರಿಹೋಗುವಷ್ಟು ಸುಲಭವಾಗಿ ಆಮೇಲೆ ಸರಿಹೋಗುವುದಿಲ್ಲ. ಜನನ ಪ್ರಮಾಣಪತ್ರ, ಆಧಾರ್, ಫೋಟೋ ಒಂದೇ ಫೈಲಿನಲ್ಲಿರಲಿ. ಐದು ತುಂಬಿದ ಮೇಲೆ ಆಧಾರಿಗೆ ಬೆರಳಚ್ಚು ಕೊಡಿಸಬೇಕು, ಅದನ್ನು ರಜೆಯಲ್ಲೇ ಮುಗಿಸಿ.

ದಯವಿಟ್ಟು ಒಂದು ಮಾತನ್ನು ಮಾತ್ರ ಬಿಟ್ಟುಬಿಡಿ. "ತಡಿ, ಶಾಲೆಗೆ ಹಾಕ್ತೀನಿ, ಮಿಸ್ ಹತ್ರ ಹೊಡೆಸ್ತೀನಿ." ಬೇಸಿಗೆಯುದ್ದಕ್ಕೂ ಹೀಗೆ ಹೆದರಿಸಿ ಜೂನ್ ಒಂದಕ್ಕೆ ನಗುತ್ತಾ ಹೋಗು ಅಂದರೆ ಅದು ಹೇಗೆ ಹೋದೀತು? ಮೊದಲೇ ಒಂದೆರಡು ಸಲ ಶಾಲೆಯ ತನಕ ನಡೆದು ಹೋಗಿ, ಗೇಟು, ನೀರಿನ ನಲ್ಲಿ, ಕಕ್ಕಸು ತೋರಿಸಿ ಬನ್ನಿ. ಬಿಟ್ಟು ಬರುವಾಗ ಕಣ್ಣುತಪ್ಪಿಸಿ ಓಡಿಬರಬೇಡಿ. ಹೇಳಿಯೇ ಬನ್ನಿ, ಅಳಲಿ, ಆದರೆ ಗೇಟಿನ ಸಂದಿಯಲ್ಲಿ ಇಣುಕುತ್ತಾ ನಿಲ್ಲಬೇಡಿ. ನಮ್ಮ ಜಗಲಿಗೆ ಕಾಣುವಂತೆ, ಅಮ್ಮ ತಿರುವಿನಲ್ಲಿ ಮರೆಯಾದ ಸ್ವಲ್ಪ ಹೊತ್ತಿಗೆಲ್ಲ ಹೆಚ್ಚಿನ ಮಕ್ಕಳು ಮೂಗು ಒರೆಸಿಕೊಂಡು ಆಟಕ್ಕೆ ಹೋಗಿರುತ್ತಾರೆ, ಕಣ್ಣೀರು ಹಾಕುತ್ತಾ ಹೋಗುವವಳು ಅಮ್ಮನೇ. ನಾಲ್ಕು ಗಂಟೆ ಅಂದರೆ ಮಗುವಿಗೆ ತಿಳಿಯದು. "ಊಟ ಆಗುತ್ತೆ, ಆಟ ಆಗುತ್ತೆ, ಕೊನೇ ಬೆಲ್ ಹೊಡೆದಾಗ ಅಜ್ಜ ಗೇಟಲ್ಲಿರ್ತಾರೆ" ಅನ್ನಿ. ಹೇಳಿದ ಮೇಲೆ ಅಜ್ಜ ಗೇಟಲ್ಲಿ ಇರಲೇಬೇಕು. ಬೇರೆ ಯಾರು ಕರೆದರೂ ಹೋಗಬಾರದು ಅನ್ನುವುದನ್ನೂ, ಅಪ್ಪ ಅಮ್ಮನ ಫೋನ್ ನಂಬರನ್ನೂ ಮಗ್ಗಿಯ ರಾಗದಲ್ಲಿ ಬಾಯಿಪಾಠ ಮಾಡಿಸಿ.

"ಮೊದಲ ವಾರ ಪಾಠವೇನೂ ಇರಲ್ಲ" ಅಂತ ಧರ್ಮಸ್ಥಳ, ಮದುವೆ ಅಂತ ತಿರುಗುವವರಿದ್ದಾರೆ. ಜಾಗ ಹಿಡಿಯುವುದು, ಗೆಳೆಯರು ಸಿಗುವುದು, ಹೋದ ವರ್ಷದ್ದನ್ನು ನೆನಪಿಸುವ ಸೇತುಬಂಧ ನಡೆಯುವುದು ಎಲ್ಲ ಆಗಲೇ. ಪ್ರಾರಂಭೋತ್ಸವದ ದಿನ ತಳಿರು ತೋರಣ ಕಟ್ಟಿ ಸಿಹಿ ಕೊಟ್ಟು ಕರೆಯುವಾಗ ಇಲ್ಲದ ಮಗು, ಹತ್ತು ದಿನದ ಮೇಲೆ ಒಬ್ಬನೇ ಹೊಸಬನಾಗಿ ಬಾಗಿಲಲ್ಲಿ ನಿಲ್ಲುತ್ತದೆ. ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನವರು ನಲಿ-ಕಲಿಯಲ್ಲಿ ಒಟ್ಟಿಗೆ ಕೂತು ಕಾರ್ಡು ಹಿಡಿದು ಆಡುತ್ತಿದ್ದರೆ "ನೋಟ್ಸೇ ಬರೆಸಿಲ್ಲ" ಅಂತ ಜಗಳಕ್ಕೆ ಹೋಗಬೇಡಿ. ಅದು 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆಯಲ್ಲಿ ಮೇಷ್ಟ್ರುಗಳೇ ಕೂತು ಕಟ್ಟಿದ ಪದ್ಧತಿ. ಕಲಿಕಾ ಏಣಿಯಲ್ಲಿ ನನ್ನ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಕೇಳಿ, ಟೀಚರಿಗೂ ಖುಷಿಯಾಗುತ್ತದೆ.

ಸಂಜೆ ಬಂದೊಡನೆ "ಇವತ್ತು ಏನು ಕಲಿತೆ?" ಅಂತ ವಿಚಾರಣೆ ಬೇಡ. ಕೈಕಾಲು ತೊಳೆಸಿ, ಅವಲಕ್ಕಿಯೋ ಬಾಳೆಹಣ್ಣೋ ಕೊಟ್ಟು ಸುಮ್ಮನಿರಿ. ಹೊಟ್ಟೆ ತುಂಬಿದ ಮೇಲೆ "ಪಕ್ಕದಲ್ಲಿ ಯಾರು ಕೂತಿದ್ರು?" ಅಂತ ಕೇಳಿದರೆ ಅರ್ಧ ಗಂಟೆ ನಿಲ್ಲಿಸದೆ ಮಾತಾಡುತ್ತದೆ.

ಜೂನ್ ಮುಗಿಯುವುದರೊಳಗೆ ಒಂದು ನೆಗಡಿ ಜ್ವರ ಗ್ಯಾರಂಟಿ. ಬರೀ ಮೂಗು ಸೋರುತ್ತಿದ್ದರೆ ಕರ್ಚೀಫು ಪಿನ್ ಮಾಡಿ ಕಳಿಸಬಹುದು. ಜ್ವರವಿದ್ದರೆ ಮಾತ್ರೆ ನುಂಗಿಸಿ ಕಳಿಸುವ ಜಾಣತನ ಬೇಡ, ಹನ್ನೊಂದು ಗಂಟೆಗೆ ಮತ್ತೆ ಮೈ ಸುಡುತ್ತದೆ, ಅಷ್ಟರಲ್ಲಿ ಬೆಂಚಿಗೆಲ್ಲ ಹಂಚಿಯಾಗಿರುತ್ತದೆ. ಮಾತ್ರೆಯಿಲ್ಲದೆ ಒಂದು ಪೂರ್ತಿ ದಿನ ಜ್ವರ ಬಾರದೆ ಇದ್ದ ಮೇಲೆ ಕಳಿಸಿ, ಜೊತೆಗೆ ರಜಾಚೀಟಿ ಬರೆದುಕೊಡಿ. ಚೀಟಿಯನ್ನು ಮಗುವೇ ಟೀಚರ ಕೈಗೆ ಕೊಡಲಿ.