ಕೋಲಾರದ ಮಿಕ್ಸಿ, ಅಮೆರಿಕದ ಕರೆಂಟು

ಹೋದ ತಿಂಗಳು ಬಂಗಾರಪೇಟೆಯಿಂದ ಡಲ್ಲಾಸ್‌ಗೆ ಹೊಸದಾಗಿ ಬಂದ ಹುಡುಗನೊಬ್ಬ ಭಾನುವಾರ ಬೆಳಗ್ಗೆ ಫೋನ್ ಮಾಡಿದ. "ಅಕ್ಕಾ, ಮಿಕ್ಸಿ ಸುತ್ತುತ್ತೆ, ಕಾಯಿ ಹಾಕಿದ್ರೆ ನಿಂತೋಗುತ್ತೆ. ಒಂಥರಾ ವಾಸನೆ ಬರ್ತಿದೆ." ಮೊದಲು ಪ್ಲಗ್ ಕೀಳು, ಆಮೇಲೆ ಮಾತಾಡು ಅಂದೆ. ಎರಡು ವರ್ಷದಲ್ಲಿ ಇಂಥ ಫೋನ್ ಇದು ಐದನೆಯದು. ಐವರೂ ನಮ್ಮ ಕಡೆಯವರೇ: ಕೋಲಾರ, ಬಂಗಾರಪೇಟೆ, ಮಾಲೂರು, ಚಿಂತಾಮಣಿ. ಹನ್ನೊಂದು ವರ್ಷದ ಹಿಂದೆ ನಾನು ಮಾಡಿದ ತಪ್ಪನ್ನೇ ಮಾಡಿ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ 120 ವೋಲ್ಟ್, 60 ಹರ್ಟ್ಸ್ (ಕರೆಂಟಿನ ಅಲೆ ಸೆಕೆಂಡಿಗೆ 60 ಸಲ). ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಫೋನ್, ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100-240 ಅಂತ ಬರೆದಿರುತ್ತೆ, ಪಿನ್ ಬದಲಿಸುವ ಅಡಾಪ್ಟರ್ ಇದ್ದರೆ ಸಾಕು. ಇದೆಲ್ಲ ಗೊತ್ತಿರುವುದೇ. ತೊಂದರೆ ಕೊಡುವುದು ತಿರುಗುವ ಸಾಮಾನು ಮತ್ತು ಕಾಯುವ ಸಾಮಾನು.

ಶ್ರೀನಿವಾಸಪುರದ ಹತ್ತಿರ ನಮ್ಮಪ್ಪನಿಗೆ ಮಾವಿನ ತೋಟವಿತ್ತು. ವೋಲ್ಟೇಜ್ ಬಿದ್ದ ದಿನ ಬೋರ್‌ವೆಲ್ ಸ್ಟಾರ್ಟರ್ ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ವೈಂಡಿಂಗ್ ಸುಟ್ಟರೆ ಪಂಪು ಮೇಲೆತ್ತಬೇಕು, ಅದನ್ನು ಹೊತ್ತು ರಿವೈಂಡಿಂಗ್ ಅಂಗಡಿಗೆ ಹೋಗಬೇಕು, ಅಷ್ಟರಲ್ಲಿ ಗಿಡ ಒಣಗುತ್ತವೆ. ಕಡಿಮೆ ವೋಲ್ಟೇಜ್ ಮೋಟಾರಿಗೆ ಶತ್ರು ಅನ್ನುವುದು ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. ಅದೇ ಲೆಕ್ಕ ಇಲ್ಲಿನ ಅಡುಗೆಮನೆಗೂ ಅನ್ವಯಿಸುತ್ತೆ. ಊರಿನ ಮಿಕ್ಸಿಯನ್ನು ಬರೀ ಅಡಾಪ್ಟರ್ ಹಾಕಿ ಇಲ್ಲಿನ ಗೋಡೆಗೆ ಸಿಕ್ಕಿಸಿದರೆ ಖಾಲಿ ಜಾರ್ ನಿಧಾನಕ್ಕೆ ತಿರುಗುತ್ತೆ. ಅದನ್ನು ನೋಡಿ, ಪರವಾಗಿಲ್ಲ, ನಡೆಯುತ್ತೆ ಅಂದುಕೊಳ್ಳುತ್ತೇವೆ. ಕಾಯಿ, ಕಡಲೆ ಬಿದ್ದ ಕೂಡಲೇ ಬ್ಲೇಡು ನಿಲ್ಲುತ್ತೆ. ನಿಂತ ಮೋಟಾರಿಗೆ ಒಳಗಿನ ಫ್ಯಾನಿನ ಗಾಳಿಯೂ ಇಲ್ಲ, ಕರೆಂಟ್ ಮಾತ್ರ ಹರಿಯುತ್ತಲೇ ಇರುತ್ತೆ. ಆ ಹುಡುಗನ ಮನೆಯಲ್ಲಿ ಬಂದ ವಾಸನೆ ಅದೇ.

ಇನ್ನು ನನ್ನ ದುಡ್ಡು ತಿಂದ ಕಥೆ. ಅಡಾಪ್ಟರ್ ಸಾಲದು, ಇಲ್ಲಿನ ವೋಲ್ಟೇಜನ್ನು ಊರಿನ ಮಟ್ಟಕ್ಕೆ ಏರಿಸುವ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಬೇಕು ಅಂತ ನನಗೆ ಗೊತ್ತಿತ್ತು. ಮಿಕ್ಸಿಯ ತಳದ ಪಟ್ಟಿಯಲ್ಲಿ 750 ವ್ಯಾಟ್ ಅಂತಿತ್ತು. 1000 ವ್ಯಾಟ್‌ನ ಟ್ರಾನ್ಸ್‌ಫಾರ್ಮರ್ ತರಿಸಿದೆ. 750ಕ್ಕಿಂತ 1000 ದೊಡ್ಡದು, ಸಾಕು ಅನ್ನಿಸಿತು. ಮೂರು ವಾರ ಚೆನ್ನಾಗೇ ನಡೆಯಿತು. ಇಂಡಿಯನ್ ಅಂಗಡಿಯಲ್ಲಿ 'ಲಿಲ್ವಾ' ಅಂತ ಬರೆದ ಫ್ರೋಜನ್ ಪ್ಯಾಕೆಟ್‌ನಲ್ಲಿ ನಮ್ಮ ಅವರೆಕಾಳಿನಂಥದ್ದೇ ಕಾಳು ಸಿಗುತ್ತೆ. ಒಂದು ಶನಿವಾರ ಅದನ್ನು ತಂದು, ಹಿತಕಿ, ಸಾರಿಗೆ ಮಸಾಲೆ ರುಬ್ಬಲು ಕೂತೆ. ಕಾಯಿ, ಕೊತ್ತಂಬರಿ ಬೀಜ, ಹುರಿಗಡಲೆ, ಸ್ವಲ್ಪ ನೀರು. ಟ್ರಾನ್ಸ್‌ಫಾರ್ಮರ್ ಗುಂಯ್ ಅಂತ ಮೊದಲಿಗಿಂತ ಜೋರಾಗಿ ಹಾಡಿತು. ಮೇಲೆ ಕೈ ಇಟ್ಟರೆ ಇಡಲಾಗದಷ್ಟು ಬಿಸಿ. ಆದರೂ ಇನ್ನೊಂದು ಸುತ್ತು ಅಂತ ಮಿಕ್ಸಿ ತಿರುಗಿಸಿದೆ. ಟಪ್ ಅಂತ ಶಬ್ದ, ವಾರ್ನಿಷ್ ಸುಟ್ಟ ಘಾಟು, ಮಸಾಲೆ ಅರ್ಧಂಬರ್ಧ. ಟ್ರಾನ್ಸ್‌ಫಾರ್ಮರ್‌ಗೆ ಕೊಟ್ಟ 70 ಡಾಲರ್ ಹೋಯಿತು. ಅಷ್ಟು ದಿನ ಅದರ ಕುಸಿದ ವೋಲ್ಟೇಜಿನಲ್ಲಿ ಏದುಸಿರು ಬಿಟ್ಟಿದ್ದ ಮಿಕ್ಸಿ ಆಮೇಲೆ ಎಂದೂ ಸರಿಯಾಗಿ ತಿರುಗಲಿಲ್ಲ. ಅಮ್ಮ ಕೋಲಾರದಲ್ಲಿ ಕೊಂಡು, ಸೀರೆಯಲ್ಲಿ ಸುತ್ತಿ ಕಳಿಸಿದ್ದ ಮಿಕ್ಸಿ ಅದು. ಊರಿನಲ್ಲಾದರೆ ವೈಂಡಿಂಗ್ ಮಾಡಿಸಬಹುದಿತ್ತು. ಇಲ್ಲಿ ಬಿಚ್ಚಿ ನೋಡುವವರೂ ಸಿಗಲಿಲ್ಲ.

ತಪ್ಪಿದ್ದು ಎಲ್ಲಿ ಅಂದರೆ, ಮೋಟಾರು ಶುರುವಾಗುವ ಕ್ಷಣದಲ್ಲಿ ಮತ್ತು ಬ್ಲೇಡು ಸಿಕ್ಕಿಕೊಂಡಾಗ ಪಟ್ಟಿಯಲ್ಲಿ ಬರೆದದ್ದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತೆ. ಆ ಎಳೆತವನ್ನು ಟ್ರಾನ್ಸ್‌ಫಾರ್ಮರ್ ತಡೆದುಕೊಳ್ಳಬೇಕು. ಅದೂ ಅಲ್ಲದೆ, ಅಗ್ಗದ ಟ್ರಾನ್ಸ್‌ಫಾರ್ಮರ್ ಮೇಲೆ ಬರೆದ ಸಂಖ್ಯೆ ಎಷ್ಟೋ ಸಲ ಸ್ವಲ್ಪ ಹೊತ್ತು ಮಾತ್ರ ತಾಳುವ ಗರಿಷ್ಠ ಸಂಖ್ಯೆ. ಮೋಟಾರಿದ್ದರೆ ಎರಡರಿಂದ ಮೂರು ಪಟ್ಟು ದೊಡ್ಡದು ಬೇಕು. 750ರ ಮಿಕ್ಸಿಗೆ 2000ದ್ದು. ಅದನ್ನು ಒಂದು ಕೈಯಲ್ಲಿ ಎತ್ತಲು ಕಷ್ಟ, ಕಬ್ಬಿಣದ ತಗಡು, ತಾಮ್ರದ ತಂತಿಯ ತೂಕ ಅದು. ಸಂಖ್ಯೆಯ ಜೊತೆ ತೂಕವನ್ನೂ ನೋಡಿ. 2000 ವ್ಯಾಟ್ ಅಂತ ಬರೆದು ಅಂಗೈಯಲ್ಲಿ ಹಿಡಿಯುವಷ್ಟು ಹಗುರವಾಗಿರುವ ಪ್ಲಾಸ್ಟಿಕ್ 'ಟ್ರಾವೆಲ್ ಕನ್ವರ್ಟರ್' ಸಿಕ್ಕರೆ ಅಲ್ಲೇ ಇಟ್ಟು ಬನ್ನಿ. ಅದು ಕರೆಂಟಿನ ಅಲೆಯನ್ನೇ ಕತ್ತರಿಸಿ ಕೊಡುತ್ತೆ. ಕಾಯುವ ಕಾಯಿಲ್‌ಗೆ ಮಾತ್ರ ಸರಿ, ಮೋಟಾರಿಗೂ ಎಲೆಕ್ಟ್ರಾನಿಕ್ಸ್‌ಗೂ ಆಗುವುದಿಲ್ಲ.

ಅಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್, ಊರಿನ ಮಿಕ್ಸಿಯ ಬೆಲೆ, ಸೂಟ್‌ಕೇಸಿನ ಕಿಲೋಗಳು, ಎಲ್ಲ ಸೇರಿಸಿ ನೋಡಿ. ನಮ್ಮ ಕಂಪನಿಗಳೇ ಅಮೆರಿಕಕ್ಕೆಂದು 110 ವೋಲ್ಟಿನ ಮಿಕ್ಸಿ ಮಾಡಿ ಇಲ್ಲಿ ಮಾರುತ್ತವೆ. ಬಂದ ಮೇಲೆ ಅದನ್ನೇ ಕೊಳ್ಳಿ. ಈ ಮಾತನ್ನು ನಾನು ಹೊಸಬರಿಗೆಲ್ಲ ಕೈಮುಗಿದು ಹೇಳುತ್ತೇನೆ.

ಗ್ರೈಂಡರ್ ವಿಷಯ ಬೇರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಏರಿಸುತ್ತೆ, ಹರ್ಟ್ಸ್ ಬದಲಿಸುವುದಿಲ್ಲ. ಮಿಕ್ಸಿಯ ಕಾರ್ಬನ್ ಬ್ರಷ್ ಮೋಟಾರಿಗೆ 50, 60ರ ವ್ಯತ್ಯಾಸ ಅಷ್ಟಾಗಿ ತಿಳಿಯದು. ಹರ್ಟ್ಸ್‌ಗೆ ತಕ್ಕಂತೆ ತಿರುಗುವ ಇಂಡಕ್ಷನ್ ಮೋಟಾರಿರುವ ಗ್ರೈಂಡರ್ ಮಾತ್ರ ಇಲ್ಲಿ ಸುಮಾರು ಶೇಕಡ 20 ಹೆಚ್ಚು ವೇಗವಾಗಿ ತಿರುಗುತ್ತೆ, ಹಿಟ್ಟು ಬೇಗ ಬಿಸಿಯಾಗುತ್ತೆ.

ಕೆಲವರು ಇನ್ನೊಂದು ದಾರಿ ಹುಡುಕುತ್ತಾರೆ. ಇಲ್ಲಿನ ಮನೆಗಳಿಗೆ 240 ವೋಲ್ಟೂ ಬರುತ್ತೆ. ಬಟ್ಟೆ ಒಣಗಿಸುವ ಡ್ರೈಯರ್, ಎಲೆಕ್ಟ್ರಿಕ್ ಒಲೆ ನಡೆಯುವುದು ಅದರಲ್ಲೇ. ಡ್ರೈಯರ್ ಸಾಕೆಟ್‌ನಿಂದ ವೈರ್ ಎಳೆದು ಊರಿನ ಮಿಕ್ಸಿಗೆ ಕೊಟ್ಟವರನ್ನು ನಾನು ನೋಡಿದ್ದೇನೆ. ದಯವಿಟ್ಟು ಬೇಡ. ಅಲ್ಲಿನ ಬ್ರೇಕರ್ ಸಾಮಾನ್ಯವಾಗಿ 30 ಆಂಪಿಯರ್‌ದು, ಮಿಕ್ಸಿಯ ತೆಳು ವೈರ್ ಕಾದು ಕರಗಿದರೂ ಅದು ಬೀಳದೆ ಇರಬಹುದು. ಊರಿನಲ್ಲಿ ಒಂದು ಫೇಸ್, ಒಂದು ನ್ಯೂಟ್ರಲ್; ಇಲ್ಲಿನ 240ರಲ್ಲಿ ಎರಡು ತಂತಿಯೂ ಫೇಸೇ. ಮಿಕ್ಸಿಯ ಸ್ವಿಚ್ ಒಂದನ್ನು ಮಾತ್ರ ಕಡಿಯುವುದಾದರೆ, ಆಫ್ ಮಾಡಿದ ಮೇಲೂ ಒಳಗೆ 120 ವೋಲ್ಟ್ ಇದ್ದೇ ಇರುತ್ತೆ.

ರಜೆಗೆ ಊರಿಗೆ ಹೋಗುವವರು ಇದನ್ನು ತಿರುಗಿಸಿ ಓದಿಕೊಳ್ಳಿ. ಇಲ್ಲಿನ ಸಾಮಾನನ್ನು ಅಲ್ಲಿ ಹಾಕಿದರೆ ವೋಲ್ಟೇಜ್ ಎರಡು ಪಟ್ಟಿನ ಹತ್ತಿರ, ಆದರೆ ಕಾಯಿಲ್‌ನ ಶಕ್ತಿ ಮೂರೂವರೆ ಪಟ್ಟಿಗಿಂತ ಹೆಚ್ಚು. 1500 ವ್ಯಾಟ್‌ನ ಹೇರ್ ಡ್ರೈಯರ್ 5,500 ವ್ಯಾಟ್ ಎಳೆಯಲು ಹೋಗುತ್ತೆ. ನಮ್ಮ ಅತ್ತಿಗೆಗೆ ತಂದುಕೊಟ್ಟ ಡ್ರೈಯರ್ ಕೋಲಾರದ ಮನೆಯಲ್ಲಿ ಒಂದೇ ಉಸಿರಿಗೆ ಕೆಂಪಾಗಿ ಆರಿಹೋಯಿತು, ಸಾಕೆಟ್ ಕಪ್ಪಾಯಿತು. ಅವರ ಕೈ ಸುಡಲಿಲ್ಲ ಅನ್ನುವುದೇ ನನಗೆ ದೊಡ್ಡ ಸಮಾಧಾನ. ಅದೇ ಊರಿನ 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಇಲ್ಲಿ 270 ವ್ಯಾಟ್‌ಗೆ ಇಳಿದು ಬೆಚ್ಚಗಾಗುತ್ತೆ ಅಷ್ಟೇ.

ಯಾವುದು ಉತ್ತಮ ಅಂತ ಕೇಳಿದರೆ, ನನ್ನ ಮಟ್ಟಿಗೆ ವೋಲ್ಟೇಜ್ ನಮ್ಮದೇ. ಅದೇ ಕೆಲಸಕ್ಕೆ ಸುಮಾರು ಅರ್ಧದಷ್ಟು ಆಂಪಿಯರ್ ಸಾಕು, ತಂತಿ ಕಮ್ಮಿ ಕಾಯುತ್ತೆ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗಳಿಗೆ ಸುಮಾರು 150 ಕಿಲೋಮೀಟರ್ ದೂರ ಕರೆಂಟ್ ತಂದಾಗಲೂ ವೋಲ್ಟೇಜ್ ಏರಿಸಿಯೇ ತಂದರು. ಆ ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್. ನಮ್ಮ ಸಾಕೆಟ್ಟಿಗೊಂದು ಸ್ವಿಚ್ ಇರುತ್ತೆ, ಇಲ್ಲಿ ಇರುವುದಿಲ್ಲ, ಬೋಳು ತೂತು. ಆದರೆ ಸಿಂಕ್ ಪಕ್ಕದ ಸಾಕೆಟ್‌ನಲ್ಲಿ ಟೆಸ್ಟ್, ರೀಸೆಟ್ ಅನ್ನುವ ಎರಡು ಪುಟ್ಟ ಗುಂಡಿ ಇರುತ್ತಲ್ಲ, ಅದು ಒದ್ದೆ ಕೈಗೆ ಹೊಡೆದ ಷಾಕ್ ಜೀವಕ್ಕೆ ಅಪಾಯ ತರುವ ಮೊದಲೇ ಕರೆಂಟ್ ಕಡಿಯುತ್ತೆ. ಊರಿನ ಹಳೇ ಮನೆಗಳಲ್ಲಿ ಈ ರಕ್ಷಣೆ ಇಲ್ಲ. ನಾನು ಕಳೆದ ಸಲ ಹೋದಾಗ ಎಲೆಕ್ಟ್ರಿಷಿಯನ್ ಕರೆಸಿ ಅಮ್ಮನ ಮನೆಗೆ ಇದೇ ಕೆಲಸ ಮಾಡುವ ಆರ್‌ಸಿಸಿಬಿ ಹಾಕಿಸಿಯೇ ಬಂದೆ. ಇಲ್ಲಿ ಮೂರನೇ ಪಿನ್ ಹಿಡಿಸುವುದಿಲ್ಲ ಅಂತ ಎರಡು ಪಿನ್ನಿನ ಅಡಾಪ್ಟರ್ ಹಾಕಬೇಡಿ. ಸ್ಟೀಲ್ ಮೈಯ ಗ್ರೈಂಡರ್‌ಗೆ ಅರ್ಥಿಂಗ್ ತಪ್ಪುತ್ತೆ.

ಬಂಗಾರಪೇಟೆಯ ಹುಡುಗನ ಮಿಕ್ಸಿ ಉಳಿಯಿತು, ತಳದ ಕೆಂಪು ಓವರ್‌ಲೋಡ್ ಗುಂಡಿ ಹೊರಗೆ ಹಾರಿ ಕಾಪಾಡಿತ್ತು. ಅದನ್ನು ಊರಿಗೆ ಹೋಗುವ ಗೆಳೆಯನ ಕೈಲಿ ವಾಪಸ್ ಕಳಿಸುತ್ತಿದ್ದಾನೆ. ಮುಂದಿನ ತಿಂಗಳು ಅವನ ಹೆಂಡತಿ ಬರುತ್ತಾಳೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ ಬಿಟ್ಟು ಆ ಜಾಗದಲ್ಲಿ ಮುದ್ದೆ ಕೋಲು, ಕುಕ್ಕರಿನ ಎರಡು ಗ್ಯಾಸ್ಕೆಟ್, ಮನೆಯಲ್ಲಿ ಕುಟ್ಟಿಸಿದ ಸಾರಿನ ಪುಡಿ ಇಟ್ಟುಕೊಳ್ಳಲು ಹೇಳಿದ್ದೇನೆ.